ಆರು ಕಂಬಗಳ ಬೇಸಿಗೆ

ಹೊಸ ಕಾಂಕ್ರೀಟಿಗೆ ಸುತ್ತಿದ ಒದ್ದೆ ಗೋಣಿಚೀಲಕ್ಕೆ ಒಂದು ವಾಸನೆ ಇದೆ. ಕೆರೆಯ ತಳದ ಮಣ್ಣು, ಸುಣ್ಣ, ಹಳೆಯ ಸೆಣಬು ಮೂರೂ ಕೂಡಿದ ವಾಸನೆ. ಎಂಜಿನಿಯರ್ ಆದವಳಿಗೆ ಅದು ದಿನನಿತ್ಯದ್ದು, ಮೂಗಿಗೆ ಗೊತ್ತೇ ಆಗಬಾರದು. ಆದರೂ ಕಳೆದ ತಿಂಗಳು ಹಂಪಸಾಗರದ ಕಡೆ ನದಿದಂಡೆಯ ಪಂಪ್‌ಹೌಸಿನ ಗೋಡೆ ನೋಡಲು ಹೋದಾಗ ಆ ವಾಸನೆ ಬಡಿದು ನಿಂತಲ್ಲೇ ನಿಂತೆ. ಗೋಡೆಗೆ ನೀರು ಹೊಡೆಯುತ್ತಿದ್ದ ಹೆಂಗಸು, ಸೀರೆ ತೋಯುತ್ತದೆ ಸರಿಯಿರಿ ಎಂದು ಎರಡು ಸಲ ಹೇಳಿದಳು. ನನಗೆ ಕೇಳಿಸಲಿಲ್ಲ. ಕೈಯಲ್ಲಿ ಒಂದು ಪಟ್ಟಿ ಹಿಡಿದುಕೊಂಡಿದ್ದೆ.

ಆ ಪಟ್ಟಿ ಇಂಥದ್ದು. ತುಂಗಭದ್ರೆಯ ನೀರನ್ನು ಒಣ ಊರುಗಳಿಗೆ ಪೈಪಿನಲ್ಲಿ ಒಯ್ಯುವ ಯೋಜನೆ ನಮ್ಮದು. ಎಲ್ಲೆಲ್ಲಿ ಹಳೆಯ ಮೇಲ್ಟ್ಯಾಂಕುಗಳು ಗಟ್ಟಿಯಾಗಿವೆಯೋ ಅಲ್ಲಿ ಹೊಸದು ಕಟ್ಟುವುದಿಲ್ಲ, ನದಿಯ ಪೈಪನ್ನು ಹಳೆಯದಕ್ಕೇ ಜೋಡಿಸುತ್ತೇವೆ. ಯಾವುದು ಗಟ್ಟಿ, ಯಾವುದು ಅಲ್ಲ ಎಂಬುದರ ಪಟ್ಟಿ ಅದು. ಕೂಡ್ಲಿಗಿ ಕಡೆಯ ಪುಟದಲ್ಲಿ ಒಂದು ಹಟ್ಟಿಯ ಹೆಸರು. ಅದರ ಮುಂದೆ ಹೀಗೆ ಬರೆದಿತ್ತು: ಸುಸ್ಥಿತಿಯಲ್ಲಿದೆ, ಕಾಮಗಾರಿ ಕಾಲದ ಕ್ಯೂಬ್ ಪರೀಕ್ಷೆ ತೃಪ್ತಿಕರ. ಆ ಕ್ಯೂಬುಗಳು ತನ್ನ ಸಮಕ್ಷಮದಲ್ಲೇ ಎರಕವಾದವು ಎಂದು ಏಳು ವರ್ಷದ ಹಿಂದೆ ಸಹಿ ಹಾಕಿದ ಕಿರಿಯ ಎಂಜಿನಿಯರ್ ನಾನೇ.

ಆಗ ನನಗೆ ಇಪ್ಪತ್ತೈದು. ಹರಪನಹಳ್ಳಿಯ ಹುಡುಗಿ, ನೌಕರಿ ಹೊಸದು, ಪ್ರೊಬೇಷನ್ ಮುಗಿದಿರಲಿಲ್ಲ. ಕಚೇರಿ ಯಾವುದೆಂದು ಹೇಳುವುದಿಲ್ಲ. ಅಲ್ಲಿದ್ದವರಲ್ಲಿ ಕೆಲವರು ಈಗಲೂ ನನ್ನ ಮೇಲಿನವರು. ಹಟ್ಟಿಯ ಹೆಸರೂ ಬೇಡ. ಗುಡೇಕೋಟೆಯಿಂದಾಚೆ, ಕುರುಚಲು ಗುಡ್ಡಗಳ ನಡುವೆ ಅರವತ್ತು ಮನೆಯ ಊರು ಎಂದರೆ ಸಾಕು. ಎಲ್ಲರೂ ಕುರಿ ಸಾಕುವವರು, ಮಳೆ ಬಂದರೆ ಸಜ್ಜೆ, ಶೇಂಗಾ ಹಾಕುವವರು, ಬೀರಪ್ಪನ ಒಕ್ಕಲು. ದಾವಣಗೆರೆ ಕಡೆ ವಾಲುವ ನನ್ನ ಮಾತು ಕೇಳಿ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು, ನಕ್ಕು ಮಜ್ಜಿಗೆ ಕೊಡುತ್ತಿದ್ದರು.

ಆ ಊರಿಗೆ ಒಂದು ಟ್ಯಾಂಕು ಮಂಜೂರಾಗಿತ್ತು. ಆರು ಕಂಬಗಳ ಮೇಲೆ ಐವತ್ತು ಸಾವಿರ ಲೀಟರಿನದು. ಸರ್ಕಾರಿ ಜಾಗ ಇದ್ದದ್ದು ಅಂಗನವಾಡಿಯ ಅಂಗಳ ಮಾತ್ರ, ಹಾಗಾಗಿ ಅಲ್ಲೇ ಗುರುತು ಹಾಕಿದರು. ಅಂಗನವಾಡಿಯ ಬಾಗಿಲಿಗೂ ಮೊದಲ ಕಂಬಕ್ಕೂ ಹತ್ತು ಹೆಜ್ಜೆ. ನಕ್ಷೆಯಲ್ಲಿ ಅದೊಂದು ಚೌಕ, ಪಕ್ಕದಲ್ಲಿ ಇನ್ನೊಂದು ಚೌಕ, ಅಷ್ಟೇ. ನಾನೇ ಗೀಚಿದ ನಕ್ಷೆ.

ಟೆಂಡರು ಕರೆದದ್ದು ಕಂಪ್ಯೂಟರಿನಲ್ಲಿ. ಯಾರು ಬೇಕಾದರೂ ಹಾಕಬಹುದು, ಯಾರು ಬೇಕಾದರೂ ನೋಡಬಹುದು, ಲೋಕಕ್ಕೆಲ್ಲ ತೆರೆದ ಬಾಗಿಲು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಬಂದದ್ದು ಮೂರು ಟೆಂಡರು. ಒಂದು ರುದ್ರಣ್ಣ ಎಂಬ ಗುತ್ತಿಗೆದಾರನದು, ಎರಡನೆಯದು ಅವನ ಭಾವಮೈದುನನದು, ಮೂರನೆಯದು ಅವನ ಅಂಗಡಿಯಲ್ಲಿ ಸಿಮೆಂಟು ತೂಗುವವನದು. ಮೂರೂ ಒಂದೇ ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಬಸ್‌ಸ್ಟ್ಯಾಂಡ್ ಪಕ್ಕದ ಒಂದೇ ಕಂಪ್ಯೂಟರ್ ಅಂಗಡಿಯಿಂದ ಏರಿದ್ದವು. ತುಲನಾ ಪಟ್ಟಿ ತಯಾರಿಸಿದವಳು ನಾನು, ಎದ್ದು ಕಾಣುತ್ತಿತ್ತು. ನನ್ನ ಮೇಲಿನ ಎಂಜಿನಿಯರ್ ಸಾಹೇಬರ ಮುಂದೆ ಹೋಗಿ ಹೇಳಿದೆ. ಅವರು ಬಯ್ಯಲಿಲ್ಲ. ನಿಯಮದ ಪ್ರಕಾರ ಮೂರು ಬಂದಿವೆಯೇ ಎಂದರು. ಬಂದಿವೆ ಎಂದೆ. ಮತ್ತೇನು, ಕುಂಬಳಕಾಯಿ ಕಳ್ಳ ಅಂದರೆ ನೀನೇಕಮ್ಮ ಹೆಗಲು ಮುಟ್ಟಿ ನೋಡ್ಕೊಳ್ತೀಯ ಎಂದು ನಕ್ಕರು. ನಾನೂ ನಕ್ಕೆ. ನಗಬಾರದಿತ್ತು.

ರುದ್ರಣ್ಣನನ್ನು ಕೆಟ್ಟವನೆಂದು ಯಾರೂ ಹೇಳುತ್ತಿರಲಿಲ್ಲ. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುದನಿ. ಕೊಟ್ಟೂರಿನಲ್ಲಿ ಕಬ್ಬಿಣ ಸಿಮೆಂಟಿನ ಅಂಗಡಿ, ಮೂರು ತಾಲ್ಲೂಕಿನಲ್ಲಿ ಕೆಲಸ. ಕೆಳಗಿನವರಿಗೂ 'ರಿ' ಹಚ್ಚದೆ ಮಾತಾಡುತ್ತಿರಲಿಲ್ಲ. ಮೊದಲ ದಿನ ಕಚೇರಿಯ ಮೆಟ್ಟಿಲ ಮೇಲೆ ಸಿಕ್ಕವನು ನನ್ನನ್ನು ನಿಲ್ಲಿಸಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ಏಳೂವರಿ ಬಸ್ಸಿಗಿ ಹೋಗ್ತೀರಂತಲ್ರಿ ಮೇಡಮ್ಮೋರ. ಎಡಗಡಿ ಕಿಟಕಿಗಿ ಕುಂದರಬ್ಯಾಡ್ರಿ, ಗುಡೇಕೋಟಿ ಮುಟ್ಟೂತನಕ ಬಿಸಿಲು ಬೀಳ್ತೈತಿ."

ಕಾಳಜಿಯ ಮಾತೇ. ಆದರೆ ನಾನು ಯಾವ ಬಸ್ಸಿಗೆ ಹೋಗುತ್ತೇನೆ, ಯಾವ ಕಿಟಕಿಗೆ ಕೂರುತ್ತೇನೆ ಎಂಬುದು ಇವನಿಗೆ ಹೇಗೆ ಗೊತ್ತು ಎಂದು ಅಂದು ದಿನವಿಡೀ ಯೋಚಿಸಿದೆ. ಆ ವಾರವೇ ನನ್ನ ಬಾಡಿಗೆ ಕೋಣೆಯ ನಲ್ಲಿ ತಾನಾಗಿ ರಿಪೇರಿಯಾಯಿತು. ಮಾಡಿಸಿದ್ದು ಯಾರೆಂದು ಮನೆಯೊಡತಿ ಹೇಳಲಿಲ್ಲ, ನಾನು ಕೇಳಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಬುನಾದಿ ತೆಗೆದರು. ಆ ವರ್ಷ ಬಿಸಿಲು ಬೇಗ ಏರಿತು. ಗುಡ್ಡದ ಬಂಡೆಗಳು ಬೆಳಿಗ್ಗೆ ಹತ್ತಕ್ಕೇ ಮುಟ್ಟಲಾರದಷ್ಟು ಕಾಯುತ್ತಿದ್ದವು. ಕೆಲಸದ ಜಾಗದಲ್ಲಿ ಮಾಹಿತಿ ಫಲಕ ಇರಲೇಬೇಕು: ಕಾಮಗಾರಿ ಯಾವುದು, ಗುತ್ತಿಗೆದಾರ ಯಾರು, ಯಾವ ಅಳತೆ, ಯಾವ ಸಾಮಗ್ರಿ. ಫಲಕ ಬಂತು, ಅಂಗನವಾಡಿಯ ಗೋಡೆಗೆ ಮುಖ ಮಾಡಿ ಒರಗಿಕೊಂಡೇ ಇತ್ತು. ನಾನು ಹೋದಾಗಲೆಲ್ಲ ತಿರುಗಿಸಿ ನಿಲ್ಲಿಸುತ್ತಿದ್ದೆ, ಮರುದಿನ ಮತ್ತೆ ಗೋಡೆಗೇ ಮುಖ. ಗಾಳಿಗೆ ರೀ ಎಂದು ಮೇಸ್ತ್ರಿ ಹೇಳುತ್ತಿದ್ದ.

ಆ ಫಲಕವನ್ನು ಬಗ್ಗಿ ಓದಿದ ಒಬ್ಬಳೇ ಒಬ್ಬಳು ಮಾಳವ್ವ. ಅಂಗನವಾಡಿಯ ಸಹಾಯಕಿ, ಹತ್ತನೇ ತರಗತಿ ಪಾಸಾದವಳು, ನನಗಿಂತ ಒಂದೆರಡು ವರ್ಷ ಹಿರಿಯಳು. ಅವಳ ಮಾವ ಸಣ್ಣ ಬೀರಜ್ಜ, ಆ ಊರಿನ ಹಿರಿಯ, ಬೀರಪ್ಪನ ಪೂಜಾರಿ. ಮುಖ ನೋಡಿದರೆ ಎಪ್ಪತ್ತು, ನಡಿಗೆ ನೋಡಿದರೆ ನಲವತ್ತು. ಕುರಿ ಮೇಯಿಸುತ್ತ ಗುಡ್ಡದ ಮೇಲೆ ಕಂಬಳಿ ಹೊದ್ದು ಕೂತಿರುತ್ತಿದ್ದ, ಅಲ್ಲಿಂದ ಕೆಲಸವೆಲ್ಲ ಕಾಣುತ್ತಿತ್ತು. ಓದು ಬರಹ ಇಲ್ಲ. ಮುನ್ನೂರು ಕುರಿಯ ಹಿಂಡಿನಲ್ಲಿ ಬೇರೆಯವರ ಒಂದು ಕುರಿ ನುಗ್ಗಿದರೆ ಎದ್ದು ನೋಡದೆ ಹೇಳುತ್ತಾನೆ ಎಂದು ಮಾಳವ್ವ ಹೆಮ್ಮೆಪಡುತ್ತಿದ್ದಳು.

ಅಲ್ಲಿ ಇನ್ನೊಂದು ತೊಂದರೆ ಕರಡಿಯದು. ಹೊತ್ತು ಮುಳುಗುವ ಮೊದಲೇ ಗುಡ್ಡದಿಂದ ಇಳಿಯುತ್ತವೆ, ಹಾಗಾಗಿ ಐದು ಗಂಟೆಗೆ ಎಲ್ಲರೂ ಕೆಲಸ ಬಿಟ್ಟು ಮನೆ ಸೇರಬೇಕು. ಕಾಂಕ್ರೀಟಿಗೆ ಸಂಜೆ ನೀರುಣಿಸುವವರೇ ಇಲ್ಲ. ಒದ್ದೆ ಗೋಣಿಚೀಲವನ್ನು ಕರಡಿಗಳು ಬಂದು ಚೀಪಿ ಹೋಗುತ್ತಿದ್ದವು. ಬೆಳಿಗ್ಗೆ ನೋಡಿದರೆ ಚೀಲ ಹರಿದು ನೆಲದಲ್ಲಿ, ಬುನಾದಿಯ ಕಾಂಕ್ರೀಟು ಒಣಗಿ ಬಿಳಿಚಿಕೊಂಡಿರುತ್ತಿತ್ತು. ಬುನಾದಿಯವರೆಗೆ ನಾನು ಜಗಳವಾಡಿ ಜಗಳವಾಡಿ ಕೆಲಸ ತಕ್ಕಮಟ್ಟಿಗೆ ಮಾಡಿಸಿಕೊಂಡೆ. ಅದೊಂದು ಮಾತನ್ನು ನನ್ನ ಪರವಾಗಿ ಹೇಳಿಕೊಳ್ಳಬಹುದು.

ಕಂಬ ಎರೆಯುವ ದಿನ ಬಸ್ಸು ಹತ್ತುವಷ್ಟರಲ್ಲಿ ಫೋನು ಬಂತು. ತುರ್ತು ಸಭೆ, ಕಚೇರಿಗೇ ಬಾ ಎಂದರು. ಎರಕ ಮುಂದಕ್ಕೆ ಹಾಕಿಸಿ ಎಂದೆ, ಹಾಕಿಸುತ್ತೇವೆ ಎಂದರು. ಹೋದರೆ ಸಭೆಯೇ ಇಲ್ಲ. ಒಂದು ಮೇಜು, ನಾಲ್ಕು ಕುರ್ಚಿ, ಮೂಲೆಯಲ್ಲಿ ಫ್ಯಾನು. ಮಧ್ಯಾಹ್ನ ಮೂರರ ತನಕ ಕಾದೆ. ಮರುದಿನ ಹಟ್ಟಿಗೆ ಹೋದಾಗ ಆರು ಕಂಬಗಳೂ ನಿಂತಿದ್ದವು, ಆಗಲೇ ಸಿಮೆಂಟಿನ ತೆಳು ಗಿಲಾವು ಹೊಡೆದು ನುಣುಪು ಮಾಡಿದ್ದರು. ಕಂಬಕ್ಕೆ ಮರುದಿನವೇ ಯಾರೂ ಗಿಲಾವು ಹೊಡೆಯುವುದಿಲ್ಲ, ಒಳಗಿನ ಹುಳುಕು ಮುಚ್ಚಬೇಕಾದಾಗ ಮಾತ್ರ ಹೊಡೆಯುತ್ತಾರೆ.

ಪಕ್ಕದಲ್ಲಿ ಗೋಣಿಚೀಲದ ಕೆಳಗೆ ಆರು ಕ್ಯೂಬುಗಳು ಸಾಲಾಗಿದ್ದವು. ಕ್ಯೂಬೆಂದರೆ ಕಬ್ಬಿಣದ ಡಬ್ಬಿಯಲ್ಲಿ ಎರೆದು ತೆಗೆದ, ಗೇಣುದ್ದಕ್ಕಿಂತ ಚಿಕ್ಕ ಕಾಂಕ್ರೀಟಿನ ಚೌಕ. ಕಂಬಕ್ಕೆ ಸುರಿಯುವ ಅದೇ ಮಿಶ್ರಣದಿಂದ ಎಂಜಿನಿಯರ್ ಎದುರಿಗೆ ಎರೆಯಬೇಕು, ಇಪ್ಪತ್ತೆಂಟು ದಿನ ನೀರಲ್ಲಿಟ್ಟು ಪ್ರಯೋಗಾಲಯದಲ್ಲಿ ಒಡೆಸಿ ನೋಡಬೇಕು. ಕ್ಯೂಬು ತಡೆದರೆ ಕಂಬವೂ ತಡೆಯುತ್ತದೆ ಎಂಬುದು ನಂಬಿಕೆ. ಆ ಆರರ ಮೇಲೂ ಕೆಂಪು ಬಣ್ಣದಲ್ಲಿ ಹಿಂದಿನ ದಿನದ ತಾರೀಖು, ನನ್ನ ಹೆಸರಿನ ಮೊದಲಕ್ಷರ. ನಾನು ಬರೆದದ್ದಲ್ಲ. ಅಂಚು ಒಡೆದಿದ್ದ ಕಡೆ ಒಳಗಿನ ಜಲ್ಲಿ ಕಾಣುತ್ತಿತ್ತು, ನೀಲಿ ಬೆರೆತ ಕಪ್ಪು ಕಲ್ಲು. ಕಂಬದ ಬುಡದಲ್ಲಿ ಉಳಿದ ಜಲ್ಲಿಯ ರಾಶಿ ನೋಡಿದೆ, ಗುಡ್ಡದ ಕೆಂಪು ಕಲ್ಲು, ಜೊತೆಗೆ ಮಣ್ಣು ಬೆರೆತ ಹಳ್ಳದ ಮರಳು. ಕೋಣೆಯ ಬೀಗದ ಕೀಲಿ ತೆಗೆದು ಮೂರನೆಯ ಕಂಬದ ಬುಡ ಕೆರೆದೆ. ಗಿಲಾವು ಎದ್ದಿತು, ಅದರ ಹಿಂದೆ ಕೀಲಿ ಬೆರಳುದ್ದ ಒಳಗೆ ಹೋಯಿತು.

ಸಾಹೇಬರಿಗೆ ಹೇಳಿದೆ. ಅವರು ಈ ಸಲ ನಗಲಿಲ್ಲ. ನಿನ್ನೆ ನೀನು ಅಲ್ಲಿರಲಿಲ್ಲ ಎಂದು ಬರೆದರೆ ಮೊದಲ ಪ್ರಶ್ನೆ ನಿನಗೇ ಬರುತ್ತದೆ, ಎಲ್ಲಿದ್ದೆ ಎಂದು. ಸಭೆಗೆ ಬಂದಿದ್ದೆ ಎಂದರೆ, ಯಾವ ಸಭೆ ಎಂದು ಕೇಳುತ್ತಾರೆ ಎಂದರು. ನಿನ್ನ ಪ್ರೊಬೇಷನ್ ಕಡತ ನನ್ನ ಮೇಜಿನ ಮೇಲಿದೆ ಎಂದೂ, ಅದಕ್ಕೂ ಇದಕ್ಕೂ ಸಂಬಂಧವಿಲ್ಲದವರ ಹಾಗೆ, ಹೇಳಿದರು. ಆಮೇಲೆ ಕ್ಯೂಬು ಸುಳ್ಳು ಹೇಳಲ್ಲ, ಲ್ಯಾಬ್ ನೋಡಿಕೊಳ್ಳುತ್ತೆ ಬಿಡು ಎಂದು ಪೆನ್ನು ಮುಂದಿಟ್ಟರು. ನಾನು ಸಹಿ ಹಾಕಿದೆ. ಒಂದು ರೂಪಾಯಿಯನ್ನೂ ಮುಟ್ಟಿದವಳಲ್ಲ ನಾನು, ಆ ಅಹಂಕಾರ ಆಗಲೂ ಇತ್ತು. ಕೈ ಶುದ್ಧವಿದೆ ಎಂದುಕೊಂಡೇ ಆ ಕೈಯಲ್ಲಿ ಬರೆದೆ.

ಕ್ಯೂಬುಗಳು ಚೆನ್ನಾಗಿ ತಡೆದವು. ರುದ್ರಣ್ಣ ಎಲ್ಲಿಂದಲೋ ತರಿಸಿದ ಒಳ್ಳೆಯ ಕ್ಯೂಬುಗಳು, ತಡೆಯದೆ ಏನು ಮಾಡಿಯಾವು. ವರದಿ ಬಂತು, ಕಂಬಗಳ ಮೇಲೆ ಟ್ಯಾಂಕಿನ ಬಟ್ಟಲು ಏರಿತು. ಮೇ ತಿಂಗಳ ಬಿಸಿಲಿಗೆ ಬೇರೆ ನೆರಳಿರಲಿಲ್ಲ, ಮಕ್ಕಳು ಆ ಬಟ್ಟಲಿನ ಕೆಳಗೇ ಆಡುತ್ತಿದ್ದವು.

ಆಗ ಹಟ್ಟಿಯವರು ಮಾಡಿದ ಕೆಲಸ ನನಗೆ ಇಂದಿಗೂ ಬೆರಗು. ಮಾಳವ್ವ ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆದಳು. ಟ್ಯಾಂಕಿನ ಪರೀಕ್ಷಾ ವರದಿಯ ಪ್ರತಿ ಕೊಡಿ ಎಂದು ಅರ್ಧ ಪುಟ, ದುಂಡು ಅಕ್ಷರ. ಅರ್ಜಿ ಬಂದ ದಿನ ಕಚೇರಿಯಲ್ಲಿ ಯಾರೂ ಗಾಬರಿಯಾಗಲಿಲ್ಲ, ಅದೇ ನನಗೆ ಗಾಬರಿ ತಂದದ್ದು. ಕೊಡಿ, ಎಲ್ಲಾ ಕೊಡಿ, ಮುಚ್ಚಿಡುವುದೇನಿದೆ ಎಂದರು ಸಾಹೇಬರು. ಹದಿನೇಳು ಪುಟ ಮೊಹರು ಒತ್ತಿ ಕೊಟ್ಟರು. ಅಷ್ಟೂ ಪುಟಗಳಲ್ಲಿ ನಿಯಮ ತಪ್ಪಿದ ಒಂದು ಸಾಲೂ ಇರಲಿಲ್ಲ. ಕೊನೆಯ ಪುಟದಲ್ಲಿ ನನ್ನ ಸಹಿ ಇತ್ತು. ಆ ಕಾಗದ ಓದಿದ ದಿನದಿಂದ ಮಾಳವ್ವ ಮಕ್ಕಳನ್ನು ಅಂಗನವಾಡಿಗೆ ಕರೆಯುವುದು ನಿಲ್ಲಿಸಿ, ಗುಡಿಯ ಕಟ್ಟೆಯ ಮೇಲೆ ಕೂರಿಸತೊಡಗಿದಳು. ಯಾಕೆಂದು ಯಾರಿಗೂ ಹೇಳಲಿಲ್ಲ.

ಟ್ಯಾಂಕಿಗೆ ಮೊದಲ ಸಲ ನೀರು ತುಂಬಿ ನೋಡಬೇಕಾದ ದಿನ ಸೋಮವಾರ. ಆಷಾಢದ ಗಾಳಿ ಎದ್ದಿತ್ತು, ಗುಡ್ಡದ ಧೂಳೆಲ್ಲ ಊರಿಗೆ ಇಳಿದಿತ್ತು. ನಾನೂ ರುದ್ರಣ್ಣನೂ ಹೋದಾಗ ಊರಿಗೆ ಊರೇ ಕಂಬಗಳ ಸುತ್ತ ನಿಂತಿತ್ತು. ಬೀರಜ್ಜ ತಲೆಗೆ ಒಗೆದ ರುಮಾಲು ಸುತ್ತಿ, ಹಿತ್ತಾಳೆಯ ತಟ್ಟೆಯಲ್ಲಿ ಬೀರಪ್ಪನ ಭಂಡಾರ, ಅಂದರೆ ಪೂಜೆಯ ಅರಿಶಿನ ಪುಡಿ, ಹಿಡಿದು ನಿಂತಿದ್ದ. ಕುರಿ ಕಳುವಾದರೆ, ಬದು ಒತ್ತುವರಿಯಾದರೆ ಆ ಊರಿನಲ್ಲಿ ನ್ಯಾಯ ಮುಗಿಯುವುದು ಅದರ ಮೇಲೆ. ನಿಜವಾದರೆ ಮುಟ್ಟಬೇಕು. ಮುಟ್ಟಿದ ಮೇಲೆ ಯಾರೂ ಮತ್ತೆ ಪ್ರಶ್ನೆ ಎತ್ತುವಂತಿಲ್ಲ. ಮುಟ್ಟದಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ರುದ್ರಣ್ಣ ಚಪ್ಪಲಿ ಬಿಟ್ಟು ತಾನೇ ಮುಂದೆ ಬಂದು ಕೈ ಚಾಚಿದ. ಅಜ್ಜ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ.

"ನಿಮಗಲ್ರಿ ಸಾವುಕಾರ. ಲಾಭ ಇದ್ದಾಂವನ ಕೈಗಿ ನಾವು ಭಂಡಾರ ಕೊಡಂಗಿಲ್ಲ."

ಆಮೇಲೆ ತಟ್ಟೆಯನ್ನು ನನ್ನ ಕಡೆ ತಿರುಗಿಸಿದ. ಅವನ ದನಿಯಲ್ಲಿ ಜಗಳ ಇರಲಿಲ್ಲ, ಮಗಳೊಬ್ಬಳನ್ನು ಕೇಳುವಂತೆ ಕೇಳಿದ.

"ಕಾಗದದಾಗ ನಿಮ್ಮ ಸಹಿ ಐತಿ ಅಂತ ಸೊಸಿ ಓದಿ ಹೇಳ್ಯಾಳ. ನನಗ ಓದಾಕ ಬರಂಗಿಲ್ರಿ. ಆ ಡಬ್ಯಾಗ ಹಾಕಿದ್ದು, ಈ ಕಂಬದಾಗ ಹಾಕಿದ್ದು ಎರಡೂ ಒಂದ ಏನ್ರಿ? ಹೌದಾದ್ರ ಮುಟ್ರಿ. ಇಲ್ಲಂದ್ರ ಸುಮ್ಮನ ನಿಂದರ್ರಿ, ಯಾಕ ಅಂತ ನಾವು ಯಾರೂ ಕೇಳಂಗಿಲ್ಲ."

ನನ್ನ ಮನಸ್ಸಿನಲ್ಲಿ ಆಗ ಓಡಿದ್ದನ್ನೆಲ್ಲ ಇಲ್ಲಿ ಬರೆಯಲೇಬೇಕು. ಇದು ಅರಿಶಿನ ಪುಡಿ, ನಾನು ಎಂಜಿನಿಯರ್, ನಮ್ಮ ಮನೆಯಲ್ಲಿ ಈ ಪದ್ಧತಿ ಇಲ್ಲ ಎಂದುಕೊಂಡೆ. ಈ ಮುಗ್ಧರಿಗೆ ಇಷ್ಟರಿಂದ ಸಮಾಧಾನವಾಗುವುದಾದರೆ ಆಗಲಿ ಎಂದೂ ಎಂದುಕೊಂಡೆ. ಮುಗ್ಧರು ಎಂಬ ಮಾತು ನಿಜವಾಗಿಯೂ ನನ್ನ ತಲೆಯಲ್ಲಿ ಬಂದಿತ್ತು. ಅಜ್ಜ ನನ್ನನ್ನು ಲಾಭವಿಲ್ಲದವಳು ಎಂದು ಎಣಿಸಿದ್ದಾನೆ, ನನಗೂ ಲಾಭವಿದೆ, ಅದು ಸಾಹೇಬರ ಮೇಜಿನ ಮೇಲಿದೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ರುದ್ರಣ್ಣ ನನ್ನನ್ನು ನೋಡುತ್ತಲೂ ಇರಲಿಲ್ಲ, ಕೆರ್ಚೀಫಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಮೂರು ಬೆರಳು ಚಾಚಿ ಮುಟ್ಟಿದೆ.

ಅಜ್ಜ ಸ್ವಲ್ಪ ಹೊತ್ತು ನನ್ನ ಬೆರಳನ್ನೇ ನೋಡಿದ, ಆಮೇಲೆ ತಟ್ಟೆಯನ್ನು ಎದೆಗೊತ್ತಿಕೊಂಡು ಗುಡಿಯ ಕಡೆ ಹೋದ. ಮಾಳವ್ವ ಗುಡಿಕಟ್ಟೆಯ ಮೇಲಿದ್ದ ಚಾಪೆಗಳನ್ನು ಸುತ್ತಿ ಕಂಕುಳಿಗೇರಿಸಿದಳು. ಮಕ್ಕಳು ಅವಳ ಹಿಂದೆ ಸಾಲಾಗಿ ಅಂಗನವಾಡಿಗೆ ಮರಳಿದವು. ಅರಿಶಿನ ತೊಳೆದರೆ ಹೋಯಿತು, ಆದರೂ ಆ ದಿನ ನಾನು ಊಟ ಮಾಡಲಿಲ್ಲ.

ನೀರು ತುಂಬಿಸಿದರು. ಬಟ್ಟಲಿನ ಅಡಿಯಲ್ಲಿ ಒಂದು ಕಡೆ ಜಿನುಗಿತು, ಮೂರನೆಯ ಕಂಬದ ತಲೆಯ ಹತ್ತಿರ ಕೂದಲೆಳೆಯ ಬಿರುಕು ಕಾಣಿಸಿತು. ಊರಿನವರೂ ನೋಡಿದರು. ನೋಡಿ ಬಾಯಿ ಬಿಡಲಿಲ್ಲ, ಏಕೆಂದರೆ ನಾನು ಮುಟ್ಟಿದ್ದೆ. ರುದ್ರಣ್ಣನ ಮೇಸ್ತ್ರಿ ಸಿಮೆಂಟಿನ ಹಾಲು ಬಳಿದು, ಒಣಗಿದ ಮೇಲೆ ನೀಲಿ ಬಣ್ಣ ಹೊಡೆದ. ಶ್ರಾವಣದಲ್ಲಿ ನನ್ನ ಪ್ರೊಬೇಷನ್ ಆದೇಶ ಬಂತು, ಅದರ ಬೆನ್ನಿಗೆ ಹಡಗಲಿ ಕಡೆ ವರ್ಗ. ಆ ಬೇಸಿಗೆ ಅಲ್ಲಿಗೆ ಮುಗಿಯಿತು ಎಂದು ನಾನು ಹೇಳಿಕೊಂಡೆ. ಆಮೇಲಿನ ಏಳು ವರ್ಷ ಜೋರು ಗಾಳಿ ಬೀಸಿದಾಗಲೆಲ್ಲ ಪತ್ರಿಕೆಯ ಜಿಲ್ಲಾ ಪುಟವನ್ನು ಮೊದಲು ತೆಗೆಯುತ್ತಿದ್ದೆ.

ಪಟ್ಟಿಯಲ್ಲಿ ಆ ಸಾಲು ನೋಡಿದ ಎರಡನೆಯ ದಿನ ರಜೆ ಹಾಕಿ ಹೊರಟೆ. ಕೋಗಳಿ ದಾಟಿ, ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ, ಗುಡೇಕೋಟೆಯಿಂದ ಆಟೋ ಹಿಡಿದು ಹೋದೆ. ಟ್ಯಾಂಕು ನಿಂತಿತ್ತು. ನೀಲಿ ಬಣ್ಣ ಹಪ್ಪಳದಂತೆ ಎದ್ದಿತ್ತು, ಮೂರು ಕಂಬಗಳಲ್ಲಿ ಕಬ್ಬಿಣ ಹೊರಗೆ ಕಾಣುತ್ತಿತ್ತು. ಒಳಗಿನಿಂದ ಮಕ್ಕಳು ಬಾಯಿಪಾಠ ಒಪ್ಪಿಸುವ ಸದ್ದು ಬರುತ್ತಿತ್ತು. ಮಾಳವ್ವ ಈಗ ಕಾರ್ಯಕರ್ತೆ. ಬೀರಜ್ಜ ತೀರಿ ಮೂರು ವರ್ಷವಾಗಿತ್ತು.

ಹೊಸ್ತಿಲ ಮೇಲೆ ಕೂತು, ನೀರು ಕುಡಿದು, ಮುಖ ನೋಡದೆ ಹೇಳಿದೆ. ಅಂದು ನಾನು ಸುಳ್ಳು ಮುಟ್ಟಿದೆ ಮಾಳವ್ವ, ಆ ಡಬ್ಬಿಗಳು ಬೇರೆ, ಈ ಕಂಬಗಳು ಬೇರೆ ಎಂದೆ. ಅವಳು ಬೆಚ್ಚಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವಳು ಆರಿಸುತ್ತಲೇ ಇದ್ದಳು.

"ಮಾವಗ ಗೊತ್ತಿತ್ರಿ. ಸಾವುಕಾರನ ಜೀಪಿನಾಗಿಂದ ಆ ಆರು ಡಬ್ಬಿ ಇಳಿಸಿದ್ದನ್ನ ಗುಡ್ಡದ ಮ್ಯಾಲಿಂದ ನೋಡ್ಯಾನ. ಕುರಿ ಕಾಯಾಂವನ ಮಾತು ಹದಿನೇಳು ಹಾಳಿ ಮುಂದ ನಿಂದರತೈತೇನ್ರಿ? ಅದಕ್ಕ ನಿಮ್ಮ ಮುಂದ ಭಂಡಾರ ಹಿಡಿದ. ನೀವು ಮುಟ್ಟಂಗಿಲ್ಲ ಅಂದ್ಕೊಂಡಿದ್ದ. 'ಆ ಹುಡುಗಿ ಮುಟ್ಟಂಗಿಲ್ಲ, ನೋಡು' ಅಂತ ಹಿಂದಿನ ದಿನ ನನಗ ಹೇಳಿದ್ದ."

ಏಳು ವರ್ಷ ನಾನು ತಿಳಿದದ್ದು, ನಂಬಲು ಆಸೆಪಟ್ಟ ಜನಕ್ಕೆ ಸುಳ್ಳು ಹೇಳಿದೆ ಎಂದು. ಅದಲ್ಲ. ಬರೆಯದೆ, ಬಾಯಿ ಬಿಡದೆ, ಯಾರ ಹೆಸರೂ ಎತ್ತದೆ ನಿಜ ಹೇಳುವ ದಾರಿಯೊಂದನ್ನು ಆ ಮುದುಕ ನನಗಾಗಿ ಮಾಡಿ ತಂದಿದ್ದ. ನಾನು ಕೈ ಎತ್ತದೆ ನಿಂತಿದ್ದರೆ ಸಾಕಾಗಿತ್ತು. ಮುಗ್ಧಳಾದವಳು ಆ ಗುಂಪಿನಲ್ಲಿ ನಾನೊಬ್ಬಳೇ.

ನಾನು ಮುಟ್ಟಿದ ಮೇಲೆ ಊರು ನಂಬಲೇಬೇಕಾಯಿತು, ಪೂಜಾರಿಯೇ ಭಂಡಾರದ ಮಾತು ಮುರಿಯುವುದು ಹೇಗೆ ಎಂದಳು ಮಾಳವ್ವ. ಆದರೆ ಅಜ್ಜ ಸುಮ್ಮನಿರಲಿಲ್ಲವಂತೆ. ನೀರು ಬಿಡುವವನನ್ನು ಗುಟ್ಟಾಗಿ ಕರೆದು, ಬೋರಿನ ನೀರು ಅರ್ಧ ಏರಿದ ಕೂಡಲೇ ಮೋಟರು ನಿಲ್ಲಿಸು, ಯಾವತ್ತೂ ಮೇಲೆ ಏರಿಸಬೇಡ ಎಂದು ಮಾತು ತೆಗೆದುಕೊಂಡಿದ್ದನಂತೆ. ಆ ಮೊದಲ ದಿನ ಬಿಟ್ಟರೆ ಏಳು ವರ್ಷ ಆ ಟ್ಯಾಂಕು ಅರ್ಧಕ್ಕಿಂತ ಹೆಚ್ಚು ತುಂಬಿಲ್ಲ. ಇನ್ನು ಬರುವುದು ನದಿಯ ನೀರು, ಹಗಲಿರುಳು ತಾನಾಗಿ ಏರುವ ನೀರು, ಕಂಠಪೂರ್ತಿ ತುಂಬಿ ತಾನಾಗಿ ನಿಲ್ಲುತ್ತದೆ. ಅದನ್ನು ಹಾಗೆ ವಿನ್ಯಾಸ ಮಾಡಿದ್ದೂ ನಮ್ಮ ಕಚೇರಿಯೇ.

ಅಲ್ಲೇ ಕೂತು ಪತ್ರ ಬರೆದೆ. ಕಂಬ ಎರೆದ ದಿನ ನಾನು ಸ್ಥಳದಲ್ಲಿರಲಿಲ್ಲ, ಕ್ಯೂಬುಗಳು ಈ ಕಾಮಗಾರಿಯವಲ್ಲ, ನನ್ನ ದೃಢೀಕರಣ ಸುಳ್ಳು, ಟ್ಯಾಂಕಿಗೆ ನದಿಯ ನೀರು ಬಿಡಬಾರದು. ಮಾಳವ್ವನಿಗೆ ಓದಿ ಹೇಳಿದೆ. ಅವಳು ಎದ್ದು ಮಕ್ಕಳನ್ನು ಆಗಲೇ ಗುಡಿಕಟ್ಟೆಗೆ ಕರೆದೊಯ್ದಳು. ಮರುದಿನ ಪತ್ರವನ್ನು ಮೇಲಿನವರಿಗೆಲ್ಲ ಕಳಿಸಿದೆ, ಸ್ವೀಕೃತಿ ಪಡೆದೆ.

ನಾಲ್ಕನೆಯ ದಿನ ರುದ್ರಣ್ಣನ ಫೋನು. ಈಗ ಅವನು ಐದು ತಾಲ್ಲೂಕಿನ ಗುತ್ತಿಗೆದಾರ. ಅದೇ ಮೆಲುದನಿ. ಪತ್ರದ ಸುದ್ದಿಯನ್ನೇ ಎತ್ತಲಿಲ್ಲ.

"ಅವ್ವಗ ಮೊಣಕಾಲು ಹೆಂಗೈತ್ರಿ ಈಗ? ಹರಪನಹಳ್ಳಿಯಾಗ ನಿಮ್ಮ ಮನಿ ಮುಂದ ಗಟಾರ ತೋಡ್ಯಾರ, ಇನ್ನೂ ಮುಚ್ಚಿಲ್ಲ. ವಯಸ್ಸಾದಾಕಿ, ಹೊರಗ ಬರಾಗ ನೋಡ್ಕೊಂಡು ಬಾ ಅಂತ ಹೇಳ್ರಿ."

ಅವ್ವನಿಗೆ ಫೋನು ಮಾಡಿದೆ. ಮನೆ ಮುಂದೆ ಹೌದು, ಗಟಾರ ತೋಡಿದ್ದರು. ತಂಗಿಯ ಮನೆಗೆ ಹೋಗಿ ಇರು ಎಂದು ಕಳಿಸಿದೆ, ಏಕೆಂದು ಹೇಳಲಿಲ್ಲ.

ಪತ್ರಕ್ಕೆ ಉತ್ತರ ನಿನ್ನೆ, ಶನಿವಾರ ಬಂತು. ಚಿಕ್ಕ ಉತ್ತರ. ಸದರಿ ಟ್ಯಾಂಕಿನ ಗುಣಮಟ್ಟವನ್ನು ಕಾಮಗಾರಿ ಕಾಲದಲ್ಲಿ ತಾವೇ ದೃಢೀಕರಿಸಿದ್ದು, ಪರೀಕ್ಷಾ ವರದಿಯೂ ತೃಪ್ತಿಕರವಾಗಿರುವುದರಿಂದ, ತಮ್ಮ ಈಗಿನ ಹೇಳಿಕೆಗೆ ದಾಖಲೆಯ ಆಧಾರ ಕಂಡುಬರುವುದಿಲ್ಲ. ಸುಳ್ಳು ಹೇಳಿಕೆಗಾಗಿ ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಏಳು ದಿನದಲ್ಲಿ ಸಮಜಾಯಿಷಿ ನೀಡುವುದು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಟ್ಯಾಂಕಿಗೆ ಪೂರ್ಣ ನೀರು ಹರಿಸಲಾಗುವುದು. ಮಕ್ಕಳನ್ನು ಕೂಡಲೇ ಅಂಗನವಾಡಿ ಕಟ್ಟಡಕ್ಕೆ ಮರಳಿಸತಕ್ಕದ್ದು. ನನ್ನ ಸುಳ್ಳನ್ನು ನಂಬಿದ ಕಚೇರಿಗೆ ನನ್ನ ನಿಜ ಸುಳ್ಳಾಗಿ ಕಂಡಿದೆ, ಅದಕ್ಕೆ ಸಾಕ್ಷಿಯೂ ನಾನೇ.

ಇಂದು ಭಾನುವಾರ. ಗುಡೇಕೋಟೆಗೆ ಬಂದು ಒಂದು ಕೋಣೆ ಹಿಡಿದು ಇದನ್ನೆಲ್ಲ ಬರೆಯುತ್ತಿದ್ದೇನೆ. ಕೆಳಗೆ ಜನ ಕೂತಿದ್ದರೆ ವಾಲ್ವು ತೆರೆಯುವಂತಿಲ್ಲ, ಅದು ಅವರದೇ ನಿಯಮ. ಹಾಗಾಗಿ ನಾಳೆ ಹೋಗಿ ಮೂರನೆಯ ಕಂಬದ ಬುಡದಲ್ಲಿ ಕ್ಯಾಮೆರಾದವರು ಬರುವ ತನಕ, ಪೊಲೀಸರು ಎತ್ತುವ ತನಕ, ಯಾರಾದರೂ ಆ ಕಂಬವನ್ನು ಕೊರೆದು ನೋಡುವ ತನಕ ಕೂರುತ್ತೇನೆ. ವಾಲ್ವನ್ನು ಹೇಗೂ ತೆರೆದುಬಿಟ್ಟರೆ ಏನಾಗುತ್ತದೆ ಎಂಬ ಲೆಕ್ಕ ನನಗೆ ಚೆನ್ನಾಗಿ ಬರುತ್ತದೆ. ಹೆದರಿಕೆ ಇಲ್ಲ ಎಂದರೆ ಅದು ಇನ್ನೊಂದು ಸುಳ್ಳಾದೀತು.

ಈಗಷ್ಟೇ ಮಾಳವ್ವನಿಗೆ ಫೋನಿನಲ್ಲಿ ತಿಳಿಸಿದೆ. ತಾನೂ ಜೊತೆಗೆ ಕೂರುತ್ತೇನೆ ಎಂದಳು. ಬೇಡ ಎಂದೆ. ನೀನು ಎಲ್ಲೂ ಸಹಿ ಹಾಕಿದವಳಲ್ಲ, ಯಾವುದನ್ನೂ ಮುಟ್ಟಿದವಳಲ್ಲ, ಇದು ನನ್ನ ಪಾಲಿನದು ಎಂದೆ.

"ಗೊತ್ತಿದ್ದೂ ಏಳು ವರ್ಷ ಅದರ ಬುಡಕ ಚಾಪಿ ಹಾಸಿದಾಕಿ ನಾನ ಅಲ್ಲೇನ್ರಿ?" ಅಂದಳು ಮಾಳವ್ವ. "ಬರ್ರಿ. ಒಂಬತ್ತಕ್ಕ ನೀರು ಬಿಡ್ತಾರಂತ. ಎಂಟಕ್ಕ ಕೂಡಣು."